ಹೊರೆಯಾಗದ ಅಳತೆ

ಕೊಳಗದಿಂದ ಜೋಳವನ್ನು ಅಳೆದರೆ ಜೋಳ ಕಡಮೆಯಾಗುವುದಿಲ್ಲ. ಮೊಳ ಹಾಕಿ ಅರಿವೆಯನ್ನು ಅಳೆದರೆ ಅರಿವೆ ಕುಗ್ಗುವುದಿಲ್ಲ. ಆದುದರಿಂದ ಅಳತೆಯೆಂಬುದು ಅಳೆಯಲ್ಪಡುವ ವಸ್ತುವಿಗೆ ಯಾವ ಬಾಧೆಯನ್ನೂ ತಾರದ ಕ್ರಿಯೆ ಎಂಬ ನಂಬಿಕೆ ಲೋಕದಲ್ಲಿ ಬೇರೂರಿದೆ. ಆದರೆ ಸಣ್ಣದೊಂದು ಬಟ್ಟಲಿನ ಬಿಸಿನೀರಿನಲ್ಲಿ ತಣ್ಣಗಿರುವ ದಪ್ಪ ಉಷ್ಣಮಾಪಕವನ್ನು ಇಳಿಬಿಟ್ಟರೆ, ಅದು ತಾನು ಬೆಚ್ಚಗಾಗಲು ಬೇಕಾದ ಶಾಖವನ್ನು ಆ ನೀರಿನಿಂದಲೇ ಪಡೆಯಬೇಕು. ಅದು ತೋರಿಸುವುದು ನೀರಿನ ಮೊದಲಿನ ಉಷ್ಣತೆಯನ್ನಲ್ಲ. ತಾನು ತೆಗೆದುಕೊಂಡ ಮೇಲೆ ಉಳಿದುದನ್ನು. ವಿದ್ಯುತ್ತಿನ ವಿಷಯದಲ್ಲಿ ಈ ನ್ಯಾಯ ಇನ್ನೂ ಕಠಿನವಾದುದು. ಅಲ್ಲಿ ಕೇಳುವವನ ಭಾರದಿಂದಲೇ ಉತ್ತರ ಬದಲಾಗಿಬಿಡುತ್ತದೆ. ಶ್ರೀಮಠದ ಈ ವಿದ್ಯಾಶಾಲೆಯ ಪ್ರಯೋಗಾಲಯವು ಈ ಸತ್ಯವನ್ನು ಕಲಿತುದು ಒಂದು ಕೆಂಪು ಶಾಯಿಯ ಗೀಟಿನಿಂದ.

ಅದು 1981ರ ಮಾತು. ಜೂನಿಯರ್ ಕಾಲೇಜು ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಸುಲಭವಾದ ಪ್ರಯೋಗವನ್ನು ಕೊಡಲಾಗಿತ್ತು. 9 ವೋಲ್ಟಿನ ಒಂದು ಬ್ಯಾಟರಿ. ಅದಕ್ಕೆ ಒಂದರ ಹಿಂದೊಂದರಂತೆ ಜೋಡಿಸಿದ, ತಲಾ ಒಂದು ಲಕ್ಷ ಓಮ್ ಬೆಲೆಯ ಎರಡು ರೋಧಕಗಳು. ಒಂದೊಂದು ರೋಧಕದ ಎರಡು ತುದಿಗಳ ನಡುವಣ ವಿಭವಾಂತರವೆಷ್ಟೆಂಬುದನ್ನು ಮಲ್ಟಿಮೀಟರಿನಿಂದ ಅಳೆದು ಬರೆಯಬೇಕು. ರೋಧಕಗಳೆರಡೂ ಸಮಾನವಾಗಿರುವುದರಿಂದ 9 ವೋಲ್ಟು ಸಮನಾಗಿ ಹಂಚಿಹೋಗಿ ತಲಾ 4.5 ವೋಲ್ಟು ಬರಬೇಕೆಂಬುದು ಪುಸ್ತಕದ ಲೆಕ್ಕ. ಉಪಾಧ್ಯಾಯರು ಮೇಜುಗಳ ನಡುವೆ ಸುತ್ತಾಡುತ್ತ, ಪ್ರತಿಯೊಬ್ಬನನ್ನೂ “ನಾಲ್ಕೂವರೆ ಬಂತೇನಪ್ಪಾ?” ಎಂದು ಕೇಳುತ್ತಿದ್ದರು. “ಬಂತು ಗುರುಗಳೇ” ಎಂದು ಎಲ್ಲರೂ ಹೇಳಿದರು. ಎಲ್ಲರೂ ಹಾಗೆಯೇ ಬರೆದರು.

ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದನು. ಅವನು ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದುತ್ತಿದ್ದವನು. ತಂದೆಯದು ಕಾಲುವೆಯ ಅಂಚಿನ ಎರೆಹೊಲ. ಅವನ ದಾಖಲೆ ಪುಸ್ತಕದಲ್ಲಿ ಮೊದಲನೆಯ ರೋಧಕಕ್ಕೆ 3.6 ವೋಲ್ಟು, ಎರಡನೆಯದಕ್ಕೂ 3.6 ವೋಲ್ಟು, ಬ್ಯಾಟರಿಗೆ 9 ವೋಲ್ಟು ಎಂದಿದ್ದಿತು. ಅದರ ಕೆಳಗೆ ಅವನು ಒಂದು ಪ್ರಶ್ನೆಯನ್ನೂ ಬರೆದಿದ್ದನು: “ಎರಡು ಭಾಗ ಕೂಡಿದರೆ 7.2 ಆಗುತ್ತದೆ. ಉಳಿದ 1.8 ಎಲ್ಲಿ ಹೋಯಿತು?” ಉಪಾಧ್ಯಾಯರು ಪುಟದ ಮೇಲೆ ಕೆಂಪು ಶಾಯಿಯಿಂದ ಓರೆಯಾಗಿ ಗೀಟೆಳೆದು ಸೊನ್ನೆಯನ್ನಿಟ್ಟರು. ಪ್ರಯೋಗವನ್ನು ಅಲಕ್ಷ್ಯದಿಂದ ಮಾಡಿದನೆಂದು ತರಗತಿಯ ಎದುರಿನಲ್ಲಿಯೇ ಗದರಿಸಿದರು. ಹುಡುಗನು ಮರುಮಾತಾಡಲಿಲ್ಲ, ಆದರೆ ಅಂಕೆಯನ್ನು ತಿದ್ದಲೂ ಇಲ್ಲ.

ಆ ಉಪಾಧ್ಯಾಯರು ಕಟುವಾದ ಮನುಷ್ಯರೇನೂ ಅಲ್ಲ. ತಮ್ಮ ಕೆಲಸದಲ್ಲಿ ನಿಷ್ಠೆಯುಳ್ಳವರು. ಹುಡುಗನ ಪ್ರಶ್ನೆ ಅವರನ್ನು ಬಿಡಲಿಲ್ಲ. ಸಾಯಂಕಾಲ ಪ್ರಯೋಗಾಲಯದ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡು, ಅದೇ ಬ್ಯಾಟರಿ, ಅದೇ ರೋಧಕಗಳು, ಅದೇ ಮೀಟರನ್ನು ಜೋಡಿಸಿ ತಾವೇ ಅಳೆದರು. ಮುಳ್ಳು 3.6ರಲ್ಲಿ ನಿಂತಿತು. ರೋಧಕಗಳನ್ನು ಬದಲಾಯಿಸಿದರು, ಮುಳ್ಳು ಅಲ್ಲಿಯೇ ನಿಂತಿತು. ಕೊನೆಗೆ ಮೀಟರಿನ ಮುಖಫಲಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಒಂದು ಬರಹ ಅವರ ಕಣ್ಣಿಗೆ ಬಿದ್ದಿತು: ಪ್ರತಿ ವೋಲ್ಟಿಗೆ 20,000 ಓಮ್. ಎಷ್ಟೋ ವರ್ಷಗಳಿಂದ ಕಂಡಿದ್ದ ಬರಹವದು. ಅಂದು ಮಾತ್ರ ಅದರ ಅರ್ಥ ತೆರೆದುಕೊಂಡಿತು.

ಆ ಬರಹದ ತಾತ್ಪರ್ಯವಿಷ್ಟೆ. ಮೀಟರಿನ ಮುಳ್ಳು ತಾನಾಗಿ ಚಲಿಸುವುದಿಲ್ಲ. ಅದನ್ನು ಚಲಿಸಲು ಅಲ್ಪವಾದರೂ ವಿದ್ಯುತ್ ಪ್ರವಾಹ ಬೇಕು. ಆ ಪ್ರವಾಹವನ್ನು ಅದು ಅಳೆಯಲ್ಪಡುವ ಮಂಡಲದಿಂದಲೇ ಸೆಳೆದುಕೊಳ್ಳುತ್ತದೆ. 10 ವೋಲ್ಟಿನ ಮಾಪನಶ್ರೇಣಿಯಲ್ಲಿ ಆ ಮೀಟರು ಎರಡು ಲಕ್ಷ ಓಮಿನ ಒಂದು ರೋಧಕಕ್ಕೆ ಸಮಾನ. ಒಂದು ಲಕ್ಷ ಓಮಿನ ರೋಧಕದ ಮಗ್ಗುಲಲ್ಲಿ ಎರಡು ಲಕ್ಷದ್ದು ಬಂದು ಕುಳಿತಾಗ ಅವೆರಡರ ಕೂಡುಬೆಲೆ ಸುಮಾರು 66,700 ಓಮಿಗೆ ಇಳಿಯುತ್ತದೆ. ಆಗ 9 ವೋಲ್ಟು ಸಮನಾಗಿ ಹಂಚಿಹೋಗುವುದಿಲ್ಲ; ಮೀಟರಿರುವ ಕಡೆಗೆ 3.6, ಇಲ್ಲದ ಕಡೆಗೆ 5.4. ಮೀಟರನ್ನು ಅತ್ತಣಿಂದ ಇತ್ತ ತಂದರೆ ಕೊರತೆಯೂ ಇತ್ತ ಬರುತ್ತದೆ. ಹುಡುಗನು ಕೇಳಿದ್ದ 1.8 ವೋಲ್ಟು ಎಲ್ಲಿಯೂ ಹೋಗಿರಲಿಲ್ಲ. ಅಳತೆಗೋಲು ಹೋದೆಡೆಯಲ್ಲೆಲ್ಲ 0.9ರಷ್ಟು ಕೊರತೆಯನ್ನು ಹೊತ್ತುಕೊಂಡೇ ಹೋಗಿದ್ದಿತು. ಬ್ಯಾಟರಿಯನ್ನು ನೇರವಾಗಿ ಅಳೆದಾಗ ಕೊರತೆ ಕಾಣದಿದ್ದುದಕ್ಕೆ ಕಾರಣ, ಅದರ ಒಳರೋಧ ತೀರ ಕಡಮೆ. ಅಷ್ಟು ಪ್ರವಾಹವನ್ನು ಕೊಟ್ಟರೂ ಅದು ಬಳಲುವುದಿಲ್ಲ. ಉಳ್ಳವನಿಗೆ ಭಾರವಾಗದ ಬೇಡಿಕೆ ಇಲ್ಲದವನಿಗೆ ಭಾರವಾಯಿತೆಂಬುದೇ ಇಡೀ ವಿಷಯ.

ಮರುದಿನ ಉಪಾಧ್ಯಾಯರು ತರಗತಿಗೆ ಬಂದು ಆ ಹುಡುಗನ ಪುಸ್ತಕವನ್ನು ತರಿಸಿಕೊಂಡರು. ನಿನ್ನೆಯ ಕೆಂಪು ಗೀಟಿನ ಕೆಳಗೆ ಅದೇ ಕೆಂಪು ಶಾಯಿಯಿಂದ, “ಓದಿದುದು ಸರಿ. ದೋಷ ಸಾಧನದ್ದು. ಪೂರ್ಣ ಅಂಕ” ಎಂದು ಬರೆದು ರುಜು ಹಾಕಿ, ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. 4.5 ಎಂದು ಬರೆದಿದ್ದವರು ತಲೆ ತಗ್ಗಿಸಿದರು. ಉಪಾಧ್ಯಾಯರು ಅವರನ್ನು ದಂಡಿಸಲಿಲ್ಲ. “ನೀವು ಮೀಟರನ್ನು ನೋಡಿ ಬರೆಯಲಿಲ್ಲ, ನನ್ನ ಮುಖವನ್ನು ನೋಡಿ ಬರೆದಿರಿ. ನಾಲ್ಕೂವರೆ ಬಂತೇ ಎಂದು ಕೇಳಿದವನು ನಾನೇ ಅಲ್ಲವೇ?” ಎಂದಷ್ಟೇ ಹೇಳಿದರು. ಬಳಿಕ ಹುಡುಗನ ಕಡೆಗೆ ತಿರುಗಿ, “ತಮ್ಮಾ, ಇನ್ನು ಈ ಮೀಟರಿಗೆ ಒಂದು ಮದ್ದು ಹುಡುಕೋಣ” ಎಂದರು.

ಆ ಮದ್ದಿನ ಹೆಸರೇ ಬಫರ್. ರೈಲುಗಾಡಿಯ ಎರಡು ಡಬ್ಬಿಗಳ ನಡುವೆ ನಿಂತು ಒಂದರ ಧಕ್ಕೆ ಇನ್ನೊಂದಕ್ಕೆ ತಟ್ಟದಂತೆ ತಡೆಯುವ ಸಾಧನಕ್ಕೂ ಅದೇ ಹೆಸರು. ವಿದ್ಯುನ್ಮಂಡಲದಲ್ಲಿ ಅದರ ಧರ್ಮ ಮೂರು ಬಗೆಯದು. ಒಂದು, ಕೊಡುವವನಿಂದ ಪ್ರವಾಹವನ್ನು ಪಡೆಯದಿರುವುದು. ಇದಕ್ಕೆ ಅದರ ಆದಾನ ರೋಧ ಅತ್ಯಧಿಕವಾಗಿರಬೇಕು. ಎರಡು, ಕೇಳುವವನಿಗೆ ಬೇಕಾದಷ್ಟನ್ನು ತನ್ನ ಕೈಯಿಂದಲೇ ಕೊಡುವುದು. ಇದಕ್ಕೆ ಅದರ ಪ್ರದಾನ ರೋಧ ಅತ್ಯಲ್ಪವಾಗಿರಬೇಕು. ಮೂರು, ಪಡೆದ ವಿಭವವನ್ನು ಹಿಗ್ಗಿಸದೆ, ಕುಗ್ಗಿಸದೆ, ಸೊಟ್ಟಗೊಳಿಸದೆ ದಾಟಿಸುವುದು; ಇದನ್ನು ಪಠ್ಯಪುಸ್ತಕಗಳು ರೇಖೀಯತೆಯೆಂದು ಕರೆಯುತ್ತವೆ. ಸಂಸ್ಕೃತದ ಋಜು ಶಬ್ದಕ್ಕೆ ನೇರವಾದುದು ಎಂಬ ಅರ್ಥವೂ ಪ್ರಾಮಾಣಿಕವಾದುದು ಎಂಬ ಅರ್ಥವೂ ಇರುವುದರಿಂದ, ಈ ಗುಣವನ್ನು ಋಜುತ್ವವೆಂದರೆ ಹೆಚ್ಚು ಒಪ್ಪುತ್ತದೆ. ಆಂಗ್ಲರು ಈ ಮಂಡಲವನ್ನು ಫಾಲೋಯರ್ ಎಂದೂ ಕರೆಯುವರು. ಅನುಸರಿಸಿ ನಡೆಯುವುದರಿಂದ ಅದು ಅನುವರ್ತಿ.

ಅನುವರ್ತಿಯ ಕಲ್ಪನೆ ಹಳೆಯದು. ದೂರದರ್ಶನದ ಆರಂಭದ ದಿನಗಳಲ್ಲಿ ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಅಲನ್ ಬ್ಲೂಮ್‌ಲೀನ್ ಎಂಬ ಇಂಜಿನಿಯರು 1934ರಲ್ಲಿ ಕ್ಯಾಥೋಡ್ ಅನುವರ್ತಿಗೆ ಪೇಟೆಂಟನ್ನು ಕೋರಿದ್ದನು. ಆಗ ಅದು ನಿರ್ವಾತ ನಳಿಗೆಯಲ್ಲಿದ್ದಿತು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ಅದೇ ಕಲ್ಪನೆ ಎಮಿಟರ್ ಅನುವರ್ತಿಯ ರೂಪವನ್ನು ತಾಳಿತು. ಶಾಲೆಯ ಉಪಾಧ್ಯಾಯರೂ ಅಲ್ಲಿಂದಲೇ ಆರಂಭಿಸಿದರು. ಒಂದು ಟ್ರಾನ್ಸಿಸ್ಟರು, 10,000 ಓಮಿನ ಒಂದು ರೋಧಕ, ಒಂದು ಬ್ಯಾಟರಿ. ಟ್ರಾನ್ಸಿಸ್ಟರಿನ ವರ್ಧನಾಂಕ 200 ಇದ್ದುದರಿಂದ, ಎದುರಿಗೆ ನಿಂತವನಿಗೆ ಆ 10,000 ಓಮು ಸುಮಾರು 20 ಲಕ್ಷ ಓಮಿನಂತೆ ತೋರಬೇಕು. ಗುರುಶಿಷ್ಯರಿಬ್ಬರೂ ಉತ್ಸಾಹದಿಂದ ಮೀಟರನ್ನು ಜೋಡಿಸಿದರು. ಮುಳ್ಳು 3.8ರಲ್ಲಿ ನಿಂತಿತು. “ಮೊದಲಿಗಿಂತ ಸ್ವಲ್ಪ ವಾಸಿ ಗುರುಗಳೇ” ಎಂದು ಹುಡುಗನೇ ಸಮಾಧಾನ ಹೇಳಬೇಕಾಯಿತು.

ಆದರೆ ಈ 3.8ರ ಕೊರತೆಯ ಬಗೆ ಬೇರೆ. ಸೆಳೆತದಿಂದ ಕಳೆದುಹೋದುದು ಈಗ ಕೇವಲ 0.1 ವೋಲ್ಟು. ಉಳಿದ 0.6 ವೋಲ್ಟು ಟ್ರಾನ್ಸಿಸ್ಟರಿನ ಬೇಸಿನಿಂದ ಎಮಿಟರಿಗೆ ದಾಟುವಾಗ ತೆರಬೇಕಾದ ಸುಂಕ. ಸಿಲಿಕಾನಿನ ಸ್ವಭಾವವೇ ಹಾಗೆ. ಸುಂಕವು ಯಾವಾಗಲೂ ಒಂದೇ ಆಗಿದ್ದರೆ ಅಷ್ಟನ್ನು ಕೂಡಿಕೊಂಡು ನಿಜವನ್ನು ತಿಳಿಯಬಹುದು. ಸ್ಥಿರವಾದ ಕೊರತೆ ಲೆಕ್ಕಕ್ಕೆ ಸಿಗುತ್ತದೆ. ಅದು ಋಜುತ್ವಕ್ಕೆ ಭಂಗವಲ್ಲ. ಆದರೆ ಪ್ರವಾಹವು ಹತ್ತು ಪಟ್ಟಾದಾಗ ಈ ಸುಂಕ ಸುಮಾರು 60 ಮಿಲಿವೋಲ್ಟಿನಷ್ಟು ಏರುತ್ತದೆ. ಟ್ರಾನ್ಸಿಸ್ಟರು ಒಂದು ಡಿಗ್ರಿ ಬಿಸಿಯಾದಾಗ ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಎಮಿಟರಿನಲ್ಲಿ ಬರಿಯ ರೋಧಕವಿದ್ದರೆ ವಿಭವ ಹೆಚ್ಚಿದಂತೆ ಪ್ರವಾಹವೂ ಹೆಚ್ಚುವುದರಿಂದ, ಸಣ್ಣ ವಿಭವಕ್ಕೆ ಒಂದು ಸುಂಕ, ದೊಡ್ಡ ವಿಭವಕ್ಕೆ ಇನ್ನೊಂದು ಸುಂಕವಾಗುತ್ತದೆ. ವಿನ್ಯಾಸಕಾರರು ಈ ಕಾರಣದಿಂದಲೇ ರೋಧಕದ ಸ್ಥಾನದಲ್ಲಿ, ವಿಭವ ಎಷ್ಟೇ ಆದರೂ ಒಂದೇ ಪ್ರವಾಹವನ್ನು ಎಳೆಯುವ ಸ್ಥಿರಪ್ರವಾಹ ಮಂಡಲವನ್ನಿಡುತ್ತಾರೆ. 0.6ನ್ನು ಏರಿಸುವ ಪಿ.ಎನ್.ಪಿ. ಟ್ರಾನ್ಸಿಸ್ಟರೊಂದನ್ನು ಮುಂದಿಟ್ಟು, ಅದರ ಹಿಂದೆ 0.6ನ್ನು ಇಳಿಸುವ ಎನ್.ಪಿ.ಎನ್. ಟ್ರಾನ್ಸಿಸ್ಟರನ್ನು ನಿಲ್ಲಿಸಿ ಸುಂಕವನ್ನು ಬಹುಮಟ್ಟಿಗೆ ತೊಡೆದುಹಾಕುವುದೂ ಉಂಟು. ಇವೆಲ್ಲ ಒಳ್ಳೆಯ ಉಪಾಯಗಳೇ. ಪೂರ್ಣ ಪರಿಹಾರ ಮಾತ್ರ ಬೇರೆ ಕಡೆಯಿಂದ ಬರಬೇಕಾಯಿತು.

ಆ ಪರಿಹಾರಕ್ಕೆ ಮೂಲಪುರುಷನು ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್. ದೂರದೂರಿನ ಟೆಲಿಫೋನು ತಂತಿಗಳಲ್ಲಿ ಒಂದರ ಹಿಂದೊಂದು ವರ್ಧಕವನ್ನು ಹಾಯುವಾಗ ಮಾತು ಸೊಟ್ಟಗಾಗುತ್ತಿದ್ದಿತು. ಈ ದೋಷದ ನಿವಾರಣೆಗಾಗಿ ವರ್ಷಗಟ್ಟಲೆ ಚಿಂತಿಸುತ್ತಿದ್ದ ಬ್ಲ್ಯಾಕನಿಗೆ 1927ರ ಆಗಸ್ಟ್ 2ರ ಬೆಳಗ್ಗೆ, ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿರುವಾಗ ಉತ್ತರ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಪುಟದ ಮೇಲೆಯೇ ಅವನು ಅದನ್ನು ಗೀಚಿಕೊಂಡನು. ವರ್ಧಕದ ಫಲಿತದಲ್ಲಿ ಒಂದಂಶವನ್ನು ಹಿಂದಕ್ಕೆ ತಂದು, ಮೂಲದೊಡನೆ ಹೋಲಿಸಿ, ವ್ಯತ್ಯಾಸವನ್ನು ಮಾತ್ರ ಅದಕ್ಕೆ ಉಣಿಸಿದರೆ, ವರ್ಧನೆ ಕಡಮೆಯಾಗುವಷ್ಟೇ ದೋಷವೂ ಕಡಮೆಯಾಗುತ್ತದೆ. ತನ್ನ ಶಕ್ತಿಯನ್ನು ತಾನೇ ಬಿಟ್ಟುಕೊಟ್ಟು ಸತ್ಯವನ್ನು ಕೊಂಡುಕೊಳ್ಳುವ ಈ ಉಪಾಯವು ಅಂದಿನವರಿಗೆ ವಿಚಿತ್ರವಾಗಿ ತೋರಿತು. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟು ದೊರೆತುದು 1937ರಲ್ಲಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ಶಾಲೆಗೆ ಬಂದ 741 ಎಂಬ ಎಂಟು ಕಾಲಿನ ಚಿಪ್ಪು ಆ ತತ್ತ್ವದ ಫಲ. ಅದನ್ನು 1968ರಲ್ಲಿ ಫೇರ್‌ಚೈಲ್ಡ್ ಸಂಸ್ಥೆಯಲ್ಲಿ ಡೇವ್ ಫುಲ್ಲಗಾರ್ ರೂಪಿಸಿದನು. ಅದಕ್ಕೆ ಎರಡು ಕಿವಿಗಳು, ಒಂದು ಬಾಯಿ. ಎರಡು ಕಿವಿಗಳಿಗೆ ಕೇಳಿದುದರ ವ್ಯತ್ಯಾಸವನ್ನು ಅದು ಸುಮಾರು ಎರಡು ಲಕ್ಷ ಪಟ್ಟು ಹಿಗ್ಗಿಸಿ ನುಡಿಯುತ್ತದೆ. ಅದರ ಬಾಯನ್ನು ಒಂದು ತಂತಿಯಿಂದ ಅದರ ಋಣಕಿವಿಗೆ ಜೋಡಿಸಿದರೆ, ತಾನು ನುಡಿದುದನ್ನು ತಾನೇ ಕೇಳುತ್ತ, ಮೂಲಕ್ಕಿಂತ ಕೂದಲೆಳೆಯಷ್ಟು ಕಡಮೆಯಾದರೂ ಒಡನೆಯೇ ಸರಿಪಡಿಸಿಕೊಳ್ಳುತ್ತದೆ. 4.5 ವೋಲ್ಟಿನಲ್ಲಿ ಈ ಬಗೆಯ ಕೊರತೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಸುಮಾರು 22 ಭಾಗ ಮಾತ್ರ. ಚಿಪ್ಪಿನ ಒಳಗಣ ಅಸಮತೆಯಿಂದ ಒಂದೆರಡು ಮಿಲಿವೋಲ್ಟಿನ ವ್ಯತ್ಯಾಸವುಂಟಾಗುವುದಾದರೂ ಅದು ಬಹುಮಟ್ಟಿಗೆ ಸ್ಥಿರವಾದುದು. ಎರಡು ಲಕ್ಷ ಪಟ್ಟು ಹಿಗ್ಗಿಸುವ ಸಾಮರ್ಥ್ಯವನ್ನೆಲ್ಲ ತ್ಯಜಿಸಿ, ಒಂದೇ ಪಟ್ಟನ್ನು ಉಳಿಸಿಕೊಂಡು, ಇದ್ದುದನ್ನು ಇದ್ದಂತೆ ಹೇಳುವುದೇ ಅದರ ಕಾಯಕವಾಯಿತು.

ಅಂದು ಮುಳ್ಳು 4.5ರಲ್ಲಿ ನಿಂತಿತು. ಇನ್ನೊಂದು ರೋಧಕದ ಮೇಲೆಯೂ 4.5. ಕೂಡಿದರೆ 9. ಹುಡುಗನು ತನ್ನ ಪುಸ್ತಕದಲ್ಲಿ ಹಳೆಯ ಅಂಕೆಗಳನ್ನು ಹೊಡೆದುಹಾಕದೆ, ಅವುಗಳ ಕೆಳಗೆ ಹೊಸ ಅಂಕೆಗಳನ್ನು ಬರೆದುಕೊಂಡನು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1994ರಲ್ಲಿ ಆ ವಿದ್ಯಾರ್ಥಿ, ಉಪಕರಣಗಳ ವಿನ್ಯಾಸವನ್ನೇ ವೃತ್ತಿಯಾಗಿ ಹಿಡಿದವನಾಗಿ, ಶಾಲೆಗೆ ಬಂದನು. ಕಾಲುವೆಯ ನೀರು ನಿಂತು ತಂದೆಯ ಹೊಲವೂ ನೆರೆಹೊರೆಯ ಹೊಲಗಳೂ ಸವಳಾಗುತ್ತಿದ್ದವು. ಮಣ್ಣಿನ ಕ್ಷಾರ ಎಷ್ಟೆಂದು ತಿಳಿದರೆ ಜಿಪ್ಸಮ್ ಹಾಕಬೇಕೇ ಎಂಬುದನ್ನು ವಿಚಾರಿಸಬಹುದು. ಒಂದು ಪಾಲು ಮಣ್ಣನ್ನು ಎರಡೂವರೆ ಪಾಲು ನೀರಿನಲ್ಲಿ ಕದಡಿ, ಅದರಲ್ಲಿ ಗಾಜಿನ ಎಲೆಕ್ಟ್ರೋಡನ್ನು ಅದ್ದಿ ಪಿ.ಎಚ್. ಅಳೆಯುವುದು ರೂಢಿಯ ಕ್ರಮ. 7ರಲ್ಲಿ ಸೊನ್ನೆ ವಿಭವ. ಅಲ್ಲಿಂದಾಚೆಗೆ 25 ಡಿಗ್ರಿ ಉಷ್ಣತೆಯಲ್ಲಿ ಒಂದೊಂದು ಅಂಕಕ್ಕೆ ಸುಮಾರು 59 ಮಿಲಿವೋಲ್ಟು. 8.5ನ್ನು ದಾಟಿತೆಂದರೆ ಭೂಮಿ ಕೆಡುತ್ತಿದೆಯೆಂದು ಅರ್ಥ. ಗುರುಗಳು ಹಳೆಯ 741ರ ಪೆಟ್ಟಿಗೆಯನ್ನು ಅಭಿಮಾನದಿಂದ ಹೊರತೆಗೆದರು. ಎಲೆಕ್ಟ್ರೋಡನ್ನು ಜೋಡಿಸಿದೊಡನೆ ಮುಳ್ಳು ಕೊನೆಗೆ ಹೋಗಿ ಬಡಿದು ನಿಂತಿತು.

ಕಾರಣವನ್ನು ಈ ಸಲ ಶಿಷ್ಯನೇ ವಿವರಿಸಿದನು. ಪ್ರವಾಹವು ಗಾಜನ್ನು ಹಾಯಬೇಕಾಗಿರುವುದರಿಂದ ಆ ಎಲೆಕ್ಟ್ರೋಡಿನ ಒಳರೋಧ 10 ಕೋಟಿ ಓಮಿನಷ್ಟಿರುತ್ತದೆ. 741ರ ಕಿವಿಯೂ ಕೆಲಸಮಾಡಲು ಒಂದಿಷ್ಟು ಪ್ರವಾಹವನ್ನು ಬೇಡುತ್ತದೆ. ಅದು ಸುಮಾರು 80 ನ್ಯಾನೋ ಆಂಪಿಯರ್. ಒಂದು ಲಕ್ಷ ಓಮಿನ ರೋಧಕಗಳ ಎದುರಿನಲ್ಲಿ ಅದು ಕಣ್ಣಿಗೆ ಕಾಣದ ಬೇಡಿಕೆ. ಅಲ್ಲಿ ಅದು ಕೆಡಿಸಿದುದು 4 ಮಿಲಿವೋಲ್ಟನ್ನು ಮಾತ್ರ. 10 ಕೋಟಿ ಓಮಿನ ಎದುರಿನಲ್ಲಿ ಅದೇ ಬೇಡಿಕೆ 8 ವೋಲ್ಟಿನ ದೋಷವಾಗುತ್ತದೆ. ಅಳೆಯಬೇಕಾದುದು ಕೆಲವು ಹತ್ತು ಮಿಲಿವೋಲ್ಟು. ಅಳೆಯುವವನ ತಪ್ಪು 8 ವೋಲ್ಟು. ಒಬ್ಬನ ಪಾಲಿಗೆ ಹಗುರವಾದುದು ಇನ್ನೊಬ್ಬನ ಪಾಲಿಗೂ ಹಗುರವಾಗಿಯೇ ಇರುವುದೆಂದು ಭಾವಿಸಲಾಗದು.

ಗಾಜಿನ ಎಲೆಕ್ಟ್ರೋಡನ್ನು 1909ರಲ್ಲಿ ಹಾಬರ್ ಮತ್ತು ಕ್ಲೆಮೆನ್ಸಿಯೆವಿಚ್ ಎಂಬ ವಿದ್ವಾಂಸರು ವಿವರಿಸಿದ್ದರೂ ಈ ಬಡತನದ ದೆಸೆಯಿಂದಲೇ ಅದು ಬಹುಕಾಲ ನಿತ್ಯದ ಬಳಕೆಗೆ ಬರಲಿಲ್ಲ. 1934ರಲ್ಲಿ ಕ್ಯಾಲಿಫೋರ್ನಿಯದ ನಿಂಬೆಹಣ್ಣಿನ ರಸದ ಹುಳಿಯನ್ನು ಅಳೆಯಬೇಕಾಗಿ ಬಂದಾಗ, ಆರ್ನಾಲ್ಡ್ ಬೆಕ್‌ಮನ್ ಎಂಬ ರಸಾಯನ ವಿಜ್ಞಾನಿ ನಿರ್ವಾತ ನಳಿಗೆಯ ವರ್ಧಕವನ್ನು ಅದಕ್ಕೆ ಜೋಡಿಸಿ, ಎಲೆಕ್ಟ್ರೋಡಿಗೆ ಹೊರೆಯಾಗದ ಮೀಟರನ್ನು ರಚಿಸಿದನು. ಶಿಷ್ಯನು ತಂದಿದ್ದ ಎಲ್.ಎಫ್. 356 ಎಂಬ ಚಿಪ್ಪಿನ ಕಿವಿಗಳಲ್ಲಿ ಕ್ಷೇತ್ರಪರಿಣಾಮ ಟ್ರಾನ್ಸಿಸ್ಟರುಗಳಿದ್ದವು. ಅದು ಬೇಡುವುದು ಸುಮಾರು 30 ಪಿಕೋ ಆಂಪಿಯರ್. ದೋಷ 3 ಮಿಲಿವೋಲ್ಟು, ಅಂದರೆ ಪಿ.ಎಚ್. ಅಂಕದಲ್ಲಿ 0.05. ಹೊಲದ ಕೆಲಸಕ್ಕೆ ಇದು ಸಾಕು.

ಆದರೂ ಎರಡು ಶತ್ರುಗಳು ಉಳಿದವು. ಮೊದಲನೆಯದು ಬೇಸಗೆ. ಆ ಜಾತಿಯ ಟ್ರಾನ್ಸಿಸ್ಟರುಗಳ ಬೇಡಿಕೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಮೆ ಇಮ್ಮಡಿಯಾಗುವುದರಿಂದ, 25 ಡಿಗ್ರಿಯಲ್ಲಿ 3 ಮಿಲಿವೋಲ್ಟಿದ್ದ ದೋಷ 45ರಲ್ಲಿ 12 ಆಗುತ್ತದೆ; ಆದುದರಿಂದ ಮಣ್ಣನ್ನು ಬೆಳಗಿನ ತಂಪಿನಲ್ಲಿಯೇ ಅಳೆಯಬೇಕೆಂದು ಗೊತ್ತುಮಾಡಲಾಯಿತು. ಎರಡನೆಯದು ಮಳೆಗಾಲ. ತೇವದಿಂದ ಮಸುಕಾದ ಫಲಕದ ಮೇಲೆ, ಬ್ಯಾಟರಿಯ ಕಾಲಿನಿಂದ ಕಿವಿಯ ಕಾಲಿಗೆ ಕಣ್ಣಿಗೆ ಕಾಣದ ಪ್ರವಾಹ ಜಿನುಗುತ್ತದೆ. ಇದಕ್ಕೆ ಮಾಡಿದ ಉಪಾಯ ಸೊಗಸಾದುದು. ಕಿವಿಯ ಕಾಲಿನ ಸುತ್ತಲೂ ತಾಮ್ರದ ಒಂದು ಉಂಗುರವನ್ನು ಬರೆದು, ಅದನ್ನು ಬಫರಿನ ಬಾಯಿಗೇ ಜೋಡಿಸಿದರು. ಅನುವರ್ತಿಯ ಬಾಯಿಯಲ್ಲಿರುವುದು ಕಿವಿಯಲ್ಲಿರುವ ವಿಭವವೇ. ನೀರಿನ ಮಟ್ಟ ಸಮನಾಗಿರುವ ಎರಡು ಹೊಂಡಗಳ ನಡುವಣ ಕಾಲುವೆಯಲ್ಲಿ ನೀರು ಹರಿಯದಂತೆ, ಉಂಗುರಕ್ಕೂ ಕಿವಿಗೂ ನಡುವೆ ಪ್ರವಾಹ ಹರಿಯುವುದಿಲ್ಲ. ಹೊರಗಿನಿಂದ ಜಿನುಗಿ ಬಂದುದನ್ನು ಉಂಗುರವೇ ನುಂಗಿಕೊಳ್ಳುತ್ತದೆ.

ಶಬ್ದದಂತಹ ವೇಗದ ಸಂಕೇತಗಳಲ್ಲಿ ಋಜುತ್ವವನ್ನು ಕಾಯುವುದಕ್ಕೂ ಈ ತತ್ತ್ವವೇ ಆಧಾರ. ಕ್ಷೇತ್ರಪರಿಣಾಮ ಟ್ರಾನ್ಸಿಸ್ಟರಿನ ಕಿವಿಯಲ್ಲಿ ಅಡಗಿರುವ ಧಾರಕತ್ವವು ವಿಭವದೊಡನೆ ಬದಲಾಗುವುದರಿಂದ, ಮೂಲದ ರೋಧ ಹೆಚ್ಚಿರುವಲ್ಲಿ ಧ್ವನಿ ಸೊಟ್ಟಗಾಗುತ್ತದೆ. ಅದರ ಸುತ್ತಣ ವಿಭವಗಳನ್ನೂ ಸಂಕೇತದ ಜೊತೆಯಲ್ಲಿಯೇ ಏರುವಂತೆ, ಜೊತೆಯಲ್ಲಿಯೇ ಇಳಿಯುವಂತೆ ಮಾಡಿದರೆ, ವ್ಯತ್ಯಾಸವೇ ಇಲ್ಲದುದರಿಂದ ವಿಕಾರವೂ ಇಲ್ಲ. ಮುಂದೆ ಬಂದ ಎಲ್.ಎಂ.ಸಿ. 6001 ಎಂಬ ಚಿಪ್ಪಿನಲ್ಲಿ ಬೇಡಿಕೆ 25 ಡಿಗ್ರಿಯಲ್ಲಿ 25 ಫೆಮ್ಟೋ ಆಂಪಿಯರನ್ನು ಮೀರದು. 10 ಕೋಟಿ ಓಮಿನಲ್ಲಿ ಅದರ ದೋಷ ಎರಡೂವರೆ ಮೈಕ್ರೋವೋಲ್ಟು. ಬೇಡಿಕೆ ಎಷ್ಟೆಷ್ಟು ಕುಗ್ಗಿತೋ ಅಷ್ಟಷ್ಟು ದುರ್ಬಲವಾದ ದನಿಗಳು ಮನುಷ್ಯನ ಕಿವಿಗೆ ಕೇಳತೊಡಗಿದವು. ಆದರೆ ಬೇಡಿಕೆ ಪೂರ್ಣವಾಗಿ ಸೊನ್ನೆಯಾದ ಬಫರನ್ನು ಇದುವರೆಗೂ ಯಾರೂ ರಚಿಸಿಲ್ಲ.

ಆ ಉಪಾಧ್ಯಾಯರು ಈಗ ನಿವೃತ್ತರು. 1981ರ ಆ ದಿನದ ಬಳಿಕ ಅವರ ಪಾಠಕ್ರಮದಲ್ಲಿ ಆದ ಒಂದೇ ಒಂದು ಬದಲಾವಣೆಯನ್ನು ಅವರ ಶಿಷ್ಯರೆಲ್ಲರೂ ನೆನೆಯುತ್ತಾರೆ. ಮೇಜುಗಳ ನಡುವೆ ಸುತ್ತಾಡುವಾಗ ಅವರು “ನಾಲ್ಕೂವರೆ ಬಂತೇ?” ಎಂದು ಮತ್ತೆಂದೂ ಕೇಳಲಿಲ್ಲ, “ಏನು ಕಂಡಿತು?” ಎಂದಷ್ಟೇ ಕೇಳುತ್ತಿದ್ದರು. ಉತ್ತರವನ್ನು ತಮ್ಮ ಮುಖದಲ್ಲಿ ತೋರಗೊಡುತ್ತಿರಲಿಲ್ಲ. ಪ್ರಸಾದನಿಲಯದ ಹುಡುಗರು ಸ್ಥಿತಿವಂತರ ಮಕ್ಕಳಿಗಿಂತ ಬೇಗನೆ ಬಾಗುವರೆಂಬುದನ್ನೂ, ಗುರುವಿನ ಒಂದು ಹುಬ್ಬುಗಂಟಿಗೆ ಅವರ 3.6 ಕೂಡ 4.5 ಆಗಿಬಿಡಬಹುದೆಂಬುದನ್ನೂ ಅವರು ಬಲ್ಲವರಾಗಿದ್ದರು. ಅಂದು ಒಬ್ಬ ಹುಡುಗನು ಬಾಗದೆ ನಿಂತುದು ಶಾಲೆಯ ಭಾಗ್ಯ. ಅವನಿಗೆ ಮೊದಲು ಎಷ್ಟು ಮಂದಿ ಬಾಗಿದ್ದರೋ, ಆ ಲೆಕ್ಕವು ಯಾವ ದಾಖಲೆ ಪುಸ್ತಕದಲ್ಲಿಯೂ ಇಲ್ಲ.

ಪ್ರಯೋಗಾಲಯದ ಕಪಾಟಿನಲ್ಲಿ 741ರ ಆ ಮರದ ಪೆಟ್ಟಿಗೆ ಇಂದಿಗೂ ಇದೆ. ಅದರ ಮೇಲೆ ಅಂಟಿಸಿದ ಕಾಗದದಲ್ಲಿ, ಉಪಾಧ್ಯಾಯರ ದುಂಡಾದ ಅಕ್ಷರಗಳಲ್ಲಿ, ಎರಡು ಸಾಲುಗಳಿವೆ: “ಮೀಟರಿಗೆ ಮುಂಚೆ ಇದನ್ನು ಜೋಡಿಸಿರಿ. ಕಂಡುದನ್ನೇ ಬರೆಯಿರಿ.”